ಹಳೇ ನೆಲಮಾಳಿಗೆಗೆ ಮೀನು ತರುವ ಮುನ್ನ

ನಮ್ಮ ಹಳೇ ಮನೆಯ ನೆಲಮಾಳಿಗೆ ತಂಪು. ಬಿಸಿಲಿಲ್ಲ, ಪಾಚಿಯ ಕಾಟವೂ ಕಡಿಮೆ. ಅಲಂಕಾರಿಕ ಮೀನಿಗೆ ಇದೇ ಸರಿ ಅಂತ ಕಸ ಗುಡಿಸಿ, ತೊಟ್ಟಿ ಇಟ್ಟು, 40 ಗಪ್ಪಿ ಬಿಟ್ಟೆ. ಮೂರನೇ ದಿನ ಉಳಿದದ್ದು ಆರೇ.

ಅದೇ ಬಾವಿ ನೀರಲ್ಲಿ ಅಂಗಳದ ತೊಟ್ಟಿಯ ಮೀನು ಆರಾಮಾಗಿದ್ದವು. ಆಮೇಲೆ ನೆನಪಾಯ್ತು: ಅಪ್ಪ ವರ್ಷಗಟ್ಟಲೆ ಔಷಧಿ ಡಬ್ಬಿ ಇಡ್ತಿದ್ದದ್ದು ಇದೇ ಕೋಣೇಲಿ. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ ಚೂರೇ ಚೂರು ಇದ್ದರೂ ಮೀನಿಗೆ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತೆ. ನಾನು ಸಾವಯವಕ್ಕೆ ಬಂದರೂ ಕೋಣೆ ಬಂದಿರಲಿಲ್ಲ!

ಎರಡನೇ ಸಲ ಮಾಡಿದ್ದು ಇಷ್ಟು:

1. ಮಾಸ್ಕ್, ಕೈಗವಸು ಹಾಕಿ ಹಳೇ ಹಲಗೆ ತೆಗೆದೆ, ಗಾರೆ ಕೆರೆದೆ. ಅದನ್ನು ಸುಡಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ.

2. ಹೊಸ ಸುಣ್ಣದ ಗಾರೆ ಪೂರ್ತಿ ಒಣಗಲಿ. ಹಸಿ ಸುಣ್ಣ ತೊಟ್ಟಿಗೆ ಬಿದ್ದರೆ ನೀರಿನ ಪಿಎಚ್ ಏರುತ್ತೆ.

3. ಪಂಪ್‌ಗೆ ಪೈಪ್ ಹಾಕಿ ಹೊರಗಿನ ಗಾಳಿ ಕೊಡಿ. ತೇವ ಹೋಗಲು ಎಕ್ಸಾಸ್ಟ್ ಫ್ಯಾನ್ ಇರಲಿ.

4. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಯಲ್ಲಿ ನೀರೇ ಸುಮಾರು 190 ಕೆಜಿ. ಗಟ್ಟಿ ಇಟ್ಟಿಗೆ ಕಟ್ಟೆ ಬೇಕು.

5. ಒದ್ದೆ ನೆಲ, ಕರೆಂಟು ಎರಡೂ ಇರೋ ಜಾಗ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಕಡ್ಡಾಯ.

6. ಫಿಲ್ಟರ್‌ನಲ್ಲಿ ಅಮೋನಿಯಾ ಕರಗಿಸೋ ಬ್ಯಾಕ್ಟೀರಿಯಾ ಬೆಳೆಯೋಕೆ 4ರಿಂದ 6 ವಾರ ಬೇಕು. ಮೊದಲು ನಾಲ್ಕೈದು ಮೀನು ಮಾತ್ರ ಬಿಡಿ.

ಆ ನಾಲ್ಕೈದು ಚೆನ್ನಾಗಿದ್ದರೆ ಉಳಿದವನ್ನು ತನ್ನಿ. ಅವಸರಪಟ್ಟು ನಾನು ಕಳೆದದ್ದು 34 ಜೀವ.