ಒಂಟಿಮನೆಗಳ ಸೀಮೆಯಲ್ಲಿ ಊರಿಗೊಂದು ಕಟ್ಟಡ: ಶೆಟ್ಟಿಕೊಪ್ಪದ ಸುತ್ತ ಕಲಿತದ್ದು

ಆರ್ಕಿಟೆಕ್ಚರ್ ಓದುವವರಿಗೆ ಐದನೇ ವರ್ಷ ಥೀಸಿಸ್ ಇರುತ್ತದೆ. ವಿಷಯವನ್ನು ಅವರೇ ಆರಿಸಿಕೊಳ್ಳಬಹುದು. ವಿಮಾನ ನಿಲ್ದಾಣ, ಮ್ಯೂಸಿಯಂ, ರೆಸಾರ್ಟು ಎಂದು ಹೊರಡುವವರ ನಡುವೆ ಪ್ರತಿ ಬ್ಯಾಚಿನಲ್ಲೂ ನಾಲ್ಕಾರು ಮಂದಿ ‘ಜನರಿಗೆ ಉಪಯೋಗವಾಗುವಂಥದ್ದು’ ಎಂದು ತಮ್ಮೂರ ಕಡೆ ತಿರುಗುತ್ತಾರೆ. ನಾನೂ ಹಾಗೆ ತಿರುಗಿದವಳು. ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ–ಕೊಪ್ಪ ದಾರಿಯ ಶೆಟ್ಟಿಕೊಪ್ಪವನ್ನು ನಡುವಿಟ್ಟುಕೊಂಡು ಅಂಗನವಾಡಿ, ಬಸ್ ತಂಗುದಾಣ, ಅಡಿಕೆ ಸುಲಿಯುವ ಕೊಟ್ಟಿಗೆ ಇಂಥವನ್ನೇ ಬರೆದೆ. ಓದು ಮುಗಿದ ಮೇಲೂ ಅದೇ ಸೀಮೆಯಲ್ಲಿ ಇಂಥದೇ ಸಣ್ಣ ಕೆಲಸ ಮಾಡಿಕೊಂಡಿದ್ದೇನೆ. ಈಗ ಓದುತ್ತಿರುವ ಹುಡುಗ ಹುಡುಗಿಯರು ಫೋನು ಮಾಡಿ ‘ಅಕ್ಕಾ, ಎಲ್ಲಿಂದ ಶುರು ಮಾಡ್ಲಿ?’ ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಬಯಲುಸೀಮೆಯವರಿಗೆ ಇದರಲ್ಲಿ ಅರ್ಧ ಒಗ್ಗಲಿಕ್ಕಿಲ್ಲ.

1. ಊರಿನ ನಡುಮಧ್ಯ ಹುಡುಕಬೇಡಿ

ಪಠ್ಯದಲ್ಲಿ ಬರುವ ಹಳ್ಳಿಗೆ ಒಂದು ಅರಳಿಕಟ್ಟೆ, ಅದರೆದುರು ಗುಡಿ, ಸುತ್ತ ಒತ್ತೊತ್ತಾಗಿ ಮನೆ. ಮಂಡ್ಯದ ಕಡೆ ಅದು ಸರಿ. ಇಲ್ಲಿ ಮನೆಯಿಂದ ಮನೆಗೆ ಒಂದು ತೋಟ, ಒಂದು ಗುಡ್ಡ, ಕೆಲವು ಕಡೆ ಒಂದು ಹಳ್ಳ ಅಡ್ಡ. ನಕ್ಷೆಯಲ್ಲಿ ಒಂದೇ ಗ್ರಾಮ ಎಂದು ಕಾಣುವುದು ನೆಲದ ಮೇಲೆ ಚದುರಿದ ಒಂಟಿಮನೆಗಳು. ಇವರೆಲ್ಲ ಒಬ್ಬರನ್ನೊಬ್ಬರು ಕಾಣುವುದು ಎಲ್ಲಿ? ರಸ್ತೆಬದಿಯಲ್ಲಿ. ಬಸ್ಸಿಗೆ ಕಾಯುವಾಗ, ಪಡಿತರಕ್ಕೆ ನಿಂತಾಗ, ಸೊಸೈಟಿಗೆ ಗೊಬ್ಬರ ಬಂದ ದಿನ, ಮಕ್ಕಳನ್ನು ಶಾಲೆ ವ್ಯಾನಿಗೆ ಹತ್ತಿಸುವಾಗ. ಶೆಟ್ಟಿಕೊಪ್ಪದಂಥ ಪುಟ್ಟ ಪೇಟೆಗಳು ಸುತ್ತಲಿನ ಮನೆಗಳಿಗೆಲ್ಲ ಹೊರಜಗಲಿ ಇದ್ದಂತೆ.

ಆದ್ದರಿಂದ ಇಲ್ಲಿ ಸಮುದಾಯಕ್ಕಾಗಿ ಕಟ್ಟುವುದೆಂದರೆ ಬಹುಪಾಲು ಕಾಯುವವರಿಗಾಗಿ ಕಟ್ಟುವುದು. ಇದನ್ನು ಒಪ್ಪಿಕೊಂಡ ದಿನ ನಾನು ನೂರೈವತ್ತು ಕುರ್ಚಿಯ ಸಭಾಂಗಣದ ಯೋಚನೆ ಬಿಟ್ಟೆ. ಸಭಾಂಗಣಕ್ಕೆ ವರ್ಷದಲ್ಲಿ ಕೆಲವೇ ದಿನ ಜನ. ತಂಗುದಾಣಕ್ಕೆ ದಿನಕ್ಕೆ ಎರಡು ಸಲ.

ತಂಗುದಾಣ ಎಂದರೆ ಅಧ್ಯಾಪಕರ ಮುಖ ಸಪ್ಪಗಾಗುತ್ತದೆ, ಅದರಲ್ಲಿ ವಿನ್ಯಾಸ ಮಾಡಲು ಏನಿದೆ ಎಂದು. ಬೇಕಾದಷ್ಟಿದೆ. ಕೊಪ್ಪದಲ್ಲಿ ಕಾರ್ಮಿಕರೇ ಒಡೆಯರಾಗಿ 1991ರಿಂದ ನಡೆಸಿಕೊಂಡು ಬಂದ ‘ಸಹಕಾರ ಸಾರಿಗೆ’ 2020ರಲ್ಲಿ ನಿಂತುಹೋಯಿತು. ಅದು ಓಡುತ್ತಿದ್ದ ಒಳದಾರಿಗಳಲ್ಲಿ ಕಾಯುವ ಹೊತ್ತು ಬೆಳೆಯಿತು. ಐದು ನಿಮಿಷ ನಿಲ್ಲುವವನಿಗೆ ಒಂಬತ್ತು ಇಂಚಿನ ಕಲ್ಲುಬೆಂಚು ಸಾಕು, ಒಂದು ಗಂಟೆ ಕೂರುವ ಅಜ್ಜಿಗೆ ಸಾಲದು. ಆಕೆಗೆ ಒಂದೂವರೆ ಅಡಿ ಅಗಲ ಬೇಕು, ಬೆನ್ನಿಗೆ ಆಸರೆ ಬೇಕು, ಕಾಲ ಬಳಿ ಚೀಲ ಇಡಲು ಒಣಗಿದ ಜಾಗ ಬೇಕು. ಮಗುವಿಗೆ ಹಾಲು ಕೊಡುವ ತಾಯಿಗೆ ಮರೆಯ ಒಂದು ಮೂಲೆ ಬೇಕು. ಬಸ್ಸು ತಿರುವಿನಲ್ಲಿ ಕಾಣುವಂತೆ ಪಕ್ಕದ ಗೋಡೆಯಲ್ಲಿ ಕಿಂಡಿ ಬೇಕು. ಇಲ್ಲದಿದ್ದರೆ ಜನ ಒಳಗೆ ಕೂರುವುದೇ ಇಲ್ಲ, ಮಳೆಯಲ್ಲೇ ಕೊಡೆ ಹಿಡಿದು ಹೊರಗೆ ನಿಲ್ಲುತ್ತಾರೆ. ಮುಂಗಾರಿನ ಗಾಳಿ ನೈಋತ್ಯದಿಂದ ಬರುತ್ತದೆಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೂ ರಸ್ತೆ ಯಾವ ಕಡೆಗಿದ್ದರೆ ಆ ಕಡೆಗೇ ಬಾಯಿ ತೆರೆದ ತಂಗುದಾಣಗಳು ಈ ಸುತ್ತಿನ ತಾಲ್ಲೂಕುಗಳಲ್ಲಿವೆ. ಪಶ್ಚಿಮಕ್ಕೆ ಬಾಯಿ ತೆರೆದವುಗಳಲ್ಲಿ ಆಷಾಢದಲ್ಲಿ ಕೂರುವುದು ದನಗಳು ಮಾತ್ರ, ಅವೂ ಹಿಂಗೋಡೆಗೆ ಒತ್ತಿಕೊಂಡು.

2. ಸೈಟನ್ನು ಆಷಾಢದಲ್ಲಿ ನೋಡಿ

ಥೀಸಿಸ್ ಸೆಮಿಸ್ಟರು ಹೆಚ್ಚಾಗಿ ಬೇಸಿಗೆಯ ಕಡೆ ಬರುತ್ತದೆ. ಜನವರಿಯ ಬೆಳಕಿನಲ್ಲಿ ಮಲೆನಾಡು ಬಹಳ ಚಂದ, ಫೋಟೋಗಳೂ ಚೆನ್ನಾಗಿ ಬರುತ್ತವೆ. ಆ ಫೋಟೋ ನೋಡಿ ಬರೆದ ಕಟ್ಟಡ ಜುಲೈನಲ್ಲಿ ನಿಲ್ಲುವುದಿಲ್ಲ. ಹಿಂದಿನ ಮಳೆಗಾಲದಲ್ಲೇ ಒಂದು ಸಲ ಬಂದು ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಜನ ಯಾವ ದಾರಿ ಬಿಟ್ಟು ಯಾವ ದಾರಿ ಹಿಡಿಯುತ್ತಾರೆ ಎಂದು ನೋಡಿ. ಮಳೆ ಕೂಡ ಎಲ್ಲ ಕಡೆ ಒಂದೇ ಅಲ್ಲ. ಘಟ್ಟದಂಚಿನ ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಅಲ್ಲಿಂದ ಪೂರ್ವಕ್ಕೆ ಭದ್ರಾ ಹಿನ್ನೀರಿನ ಕಡೆ ಬಂದಂತೆ ಇಳಿಯುತ್ತ ಹೋಗುತ್ತದೆ. ಶೃಂಗೇರಿಯಾಚೆಯ ಕೆರೆಕಟ್ಟೆಗೆ ಹೊಂದುವ ಸೂರು ಶೆಟ್ಟಿಕೊಪ್ಪಕ್ಕೆ ಅತಿಯಾದೀತು, ಶೆಟ್ಟಿಕೊಪ್ಪದ್ದು ಕೆರೆಕಟ್ಟೆಗೆ ಸಾಲದೆ ಬಂದೀತು.

ನನಗೆ ಸೂರಿನ ಪಾಠ ಹೇಳಿದವರು ಒಬ್ಬ ಹಿರಿಯ ಮೇಸ್ತ್ರಿ. ನಾನು ಬರೆದ ಗೋಡೆಯ ಜಾಲಂಧ್ರಗಳನ್ನೆಲ್ಲ ತಾಳ್ಮೆಯಿಂದ ನೋಡಿ, ‘ಗೋಡೆ ಎಂತ ಬೇಕಾದ್ರೂ ಮಾಡುವ ತಂಗಿ, ಮೊದ್ಲು ಸೂರು ಎಷ್ಟು ಹೊರಗೆ ಬಿಡ್ತೀರಿ ಹೇಳಿ’ ಎಂದರು. ಸೂರು ಮೂರಡಿ ಹೊರಬಂದರೆ ಎರಚಲು ಗೋಡೆಗೆ ಬಡಿಯುವುದು ಕಡಿಮೆ. ನೆಲಗಟ್ಟು ಎರಡಡಿ ಎತ್ತರವಿದ್ದರೆ ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವ ಕೆಸರು ಗೋಡೆಯ ಬುಡ ಮುಟ್ಟುವುದಿಲ್ಲ. ಇವೆರಡು ಸರಿಯಾದರೆ ಜಂಬಿಟ್ಟಿಗೆಯ ಗೋಡೆಗೆ ಗಾರೆ ಬಳಿಯದೆಯೂ ಬಿಡಬಹುದು. ಅಂದಿನಿಂದ ನಾನು ಸೆಕ್ಷನ್ ಬರೆಯುವಾಗ ಸೂರಂಚಿನಿಂದ ಶುರುಮಾಡಿ ಕೆಳಗಿಳಿಯುತ್ತೇನೆ. ಪ್ಲಾನು ಆಮೇಲೆ.

ಇನ್ನೊಂದು ಸಂಗತಿ, ಸ್ಟುಡಿಯೋದಲ್ಲಿ ಇದಕ್ಕೆ ಮರ್ಯಾದೆ ಇಲ್ಲ. ಈ ಕಡೆ ಆರ್‌ಸಿಸಿ ಮನೆ ಕಟ್ಟಿದವರು ನಾಲ್ಕೈದು ವರ್ಷದೊಳಗೆ ತಾರಸಿ ಸೋರಿ, ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹೊದಿಸುತ್ತಾರೆ. ನಮ್ಮ ಕಣ್ಣಿಗೆ ಅದು ಕುರೂಪ. ಆದರೆ ಆ ಶೀಟಿನಡಿಯ ಜಾಗವನ್ನು ಒಮ್ಮೆ ಹತ್ತಿ ನೋಡಿ: ಅಡಿಕೆ ಹರವಿದ್ದಾರೆ, ಬಟ್ಟೆ ಒಣಗುತ್ತಿದೆ, ಮಕ್ಕಳು ಕ್ರಿಕೆಟ್ ಆಡುತ್ತಾರೆ, ನಾಮಕರಣದ ಊಟಕ್ಕೆ ಎಲೆ ಹಾಕುತ್ತಾರೆ. ಮನೆಯ ಅತ್ಯುತ್ತಮ ಕೋಣೆ ಅದೇ! ಬುರ್ಕಿನಾ ಫಾಸೋದ ಫ್ರಾನ್ಸಿಸ್ ಕೆರೆ, ಬರ್ಲಿನ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ ತನ್ನ ಹಳ್ಳಿ ಗಾಂಡೋಗೆ ಶಾಲೆ ಬರೆದು, ಹಣ ಕೂಡಿಸಿ, ಊರವರನ್ನೇ ಕೆಲಸಕ್ಕೆ ಸೇರಿಸಿಕೊಂಡು 2001ರಲ್ಲಿ ಕಟ್ಟಿ ಮುಗಿಸಿದರು. ಅದರ ಗುಟ್ಟು ಕೂಡ ಜೇಡಿಮಣ್ಣಿನ ಒಳಚಾವಣಿಯಿಂದ ಮೇಲೆತ್ತಿ ನಿಲ್ಲಿಸಿದ ತಗಡಿನ ಮಾಡು. ನಡುವೆ ಗಾಳಿ ಆಡಿ ಒಳಗೆ ತಂಪು. ಅವರಿಗೆ 2022ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ನಮ್ಮ ಶೀಟಿನ ಮಾಡಿಗೆ ಯಾರೂ ಬಹುಮಾನ ಕೊಡುವುದಿಲ್ಲ, ಇರಲಿ. ಅದನ್ನು ಸೋರಿಕೆ ಮುಚ್ಚುವ ತೇಪೆಯೆನ್ನದೆ ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಂಡರೆ, ಕೆಳಗೆ ಅಂಗನವಾಡಿ, ಮೇಲೆ ಊರಿನ ಒಣ ಅಂಗಳ, ಎರಡೂ ಒಂದೇ ಅಡಿಪಾಯದಲ್ಲಿ ಸಿಗುತ್ತವೆ.

3. ಧರೆ ಕಡಿಯಬೇಡಿ

ಗುಡ್ಡದ ಇಳಿಜಾರನ್ನು ಜೆಸಿಬಿ ತಂದು ಸಪಾಟು ಮಾಡುವುದು ಸುಲಭ. ಹಿಂದೆ ನೆಟ್ಟಗೆ ನಿಂತ ಧರೆ ಮೊದಲ ಮಳೆಗಾಲ ತಡೆದುಕೊಳ್ಳುತ್ತದೆ, ಎರಡನೆಯದಕ್ಕೆ ಜರಿಯುತ್ತದೆ. 2019ರ ಆಗಸ್ಟಿನಲ್ಲಿ ಜಿಲ್ಲೆಯ ಮೂಡಿಗೆರೆ ಕಡೆ ಗುಡ್ಡ ಜಾರಿದ್ದನ್ನು ಕಂಡ ಮೇಲಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಡವನ್ನೇ ಎರಡು ಮೂರು ಮಟ್ಟಕ್ಕೆ ಒಡೆಯಿರಿ. ಹಿಂದೆ ಅಗಳು ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ.

4. ‘ಏನು ಬೇಕು’ ಎಂದು ಕೇಳಬೇಡಿ

ಕೇಳಿದರೆ ಉತ್ತರ ಒಂದೇ: ‘ಒಂದು ಸಮುದಾಯ ಭವನ ಮಾಡಿಕೊಡಿ.’ ಸರ್ಕಾರದಿಂದ ಸಿಗುವ ವಸ್ತುಗಳ ಪಟ್ಟಿ ಜನರಿಗೆ ಗೊತ್ತು, ಅದರಿಂದ ಒಂದನ್ನು ಹೇಳುತ್ತಾರೆ, ಅಷ್ಟೆ. ‘ನಿನ್ನೆ ಎಲ್ಲೆಲ್ಲಿ ಹೋಗಿದ್ರಿ, ಎಲ್ಲಿ ಕೂತ್ರಿ, ಎಷ್ಟು ಹೊತ್ತು ಕಾದ್ರಿ?’ ಎಂದು ಕೇಳಿ. ಆಗ ಕಥೆ ಹೊರಡುತ್ತದೆ.

ಎಲ್ಲಿ ಕೇಳುತ್ತೀರಿ ಎನ್ನುವುದೂ ಮುಖ್ಯ. ಗ್ರಾಮಸಭೆಯಲ್ಲಿ ಮುಂದಿನ ಕುರ್ಚಿಯವರೇ ಮಾತಾಡುತ್ತಾರೆ. ಪ್ರಶ್ನಾವಳಿ ಹಿಡಿದು ಮನೆಗೆ ಹೋದರೆ ‘ಯಜಮಾನ್ರು ಇಲ್ಲ, ಆಮೇಲೆ ಬನ್ನಿ’ ಎನ್ನುತ್ತಾರೆ. ಅಡಿಕೆ ಸುಲಿಯುವ ಕಾಲದಲ್ಲಿ ಒಂದು ಮೆಟ್ಟುಗತ್ತಿಯ ಪಕ್ಕ ಕೂತು ನೋಡಿ. ಸುಲಿಯುವ ಯಂತ್ರ ಬಂದಿದ್ದರೂ ಹೆಂಗಸರು ಸಾಲಾಗಿ ಕೂತು ಸುಲಿಯುವ ಮನೆಗಳು ಇನ್ನೂ ಇವೆ. ಕೈ ಕೆಲಸದಲ್ಲಿರುವಾಗ ಬಾಯಿ ಬಿಚ್ಚುತ್ತದೆ. ‘ಎಂತಕ್ಕೆ ಮಾರಾಯ್ತಿ ಭವನ? ಅಂಗನವಾಡೀಲಿ ಬಚ್ಚಲಿಗೆ ಬಾಗಿಲಿಲ್ಲ, ಮೊದ್ಲು ಅದ್ನ ಹಾಕ್ಸು’ ಎಂದು ಒಬ್ಬರು ಹೇಳಿದ್ದು ನನಗೆ ಹತ್ತು ಪುಟದ ಸಮೀಕ್ಷೆಗಿಂತ ಹೆಚ್ಚು ಕೆಲಸಕ್ಕೆ ಬಂತು. ಭಾಷೆಯನ್ನೂ ಗಮನಿಸಿ. ಈ ಸೀಮೆಯಲ್ಲಿ ಕನ್ನಡದ ಜೊತೆಗೆ ಮಲಯಾಳ, ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರಿದ್ದಾರೆ. ಕನ್ನಡದಲ್ಲಿ ಹೂಂ ಎಂದವರು ತಮ್ಮೊಳಗೆ ಬೇರೆಯೇ ಮಾತಾಡಿಕೊಳ್ಳುತ್ತಾರೆ. ಆ ಮಾತು ಬಲ್ಲ ಒಬ್ಬ ಗೆಳತಿಯನ್ನು ಜೊತೆಗೆ ಕರೆದೊಯ್ಯಿರಿ.

5. ತೊಟ್ಟಿಮನೆಯ ಮೋಹ

ಮಲೆನಾಡಿನಲ್ಲಿ ಪ್ರಾಜೆಕ್ಟ್ ಎಂದ ಕೂಡಲೆ ವಿದ್ಯಾರ್ಥಿಗಳು ತೊಟ್ಟಿಮನೆ ಬರೆಯುತ್ತಾರೆ. ಕುಪ್ಪಳಿಗೆ ಹೋಗಿ ಕುವೆಂಪು ಅವರ ಮನೆ ನೋಡಿ ಬಂದಿರುತ್ತಾರೆ. ಆ ಕಂಬ, ಆ ಅಂಗಳ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಅಳತೆ ಮಾಡಿ, ಕಲಿಯಿರಿ, ಜೋಡಣೆಗಳನ್ನು ಬಿಡಿಸಿ ಬರೆಯಿರಿ. ಆದರೆ ತೊಟ್ಟಿಮನೆ ಜಮೀನ್ದಾರಿಕೆಯ ಮನೆ. ಅದರ ಜಗಲಿಗೆ ಯಾರು ಹತ್ತುತ್ತಿದ್ದರು, ಯಾರು ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು ಎಂದು ಊರಿನ ಕಾಲೊನಿಯಲ್ಲಿ ಕೇಳಿದ ಮೇಲೆ ಅದನ್ನೇ ಎಲ್ಲರ ಕಟ್ಟಡದ ಮಾದರಿ ಮಾಡಲು ನನಗೆ ಮನಸ್ಸಾಗಲಿಲ್ಲ. ಒಂದೇ ಹೆಬ್ಬಾಗಿಲು, ಮೆಟ್ಟಿಲು ಹತ್ತಿ ಹತ್ತಿ ಒಳಗೆ ಹೋಗುವ ಕ್ರಮ, ಮಧ್ಯದಲ್ಲಿ ಯಜಮಾನರ ಆಸನದಂಥ ವೇದಿಕೆ ಇವು ಸುಮ್ಮನೆ ಆಕಾರಗಳಲ್ಲ. ಎಲ್ಲರ ಕಟ್ಟಡಕ್ಕೆ ರಸ್ತೆಯಿಂದಲೇ ನೇರ ಪ್ರವೇಶ ಇರಲಿ, ಎರಡು ಮೂರು ಕಡೆ ಇರಲಿ, ಇಳಿಜಾರಿಗೆ ಮಟ್ಟ ಒಡೆಯಬೇಕಾದರೂ ಒಂದು ಮೇಲು ಇನ್ನೊಂದು ಕೀಳು ಎನಿಸದಿರಲಿ.

ಈ ಮಾತಿಗೆ ಜ್ಯೂರಿಯಲ್ಲಿ ಒಬ್ಬರು ‘ಸಂಪ್ರದಾಯವನ್ನು ನಿರಾಕರಿಸುತ್ತಿದ್ದೀರಿ’ ಎಂದರು. ನಾನು ನಿರಾಕರಿಸಿದ್ದು ಬಾಗಿಲನ್ನು ಮಾತ್ರ, ಹೆಂಚನ್ನಲ್ಲ.

6. ಪೆನ್ಸಿಲ್ಲಿಗಿಂತ ಮೊದಲು ಪಹಣಿ

ಕಣ್ಣಿಗೆ ಖಾಲಿ ಕಂಡ ಜಾಗ ಖಾಲಿಯಲ್ಲ. ಗೋಮಾಳ, ಸೊಪ್ಪಿನಬೆಟ್ಟ, ಡೀಮ್ಡ್ ಫಾರೆಸ್ಟ್, ಮೀಸಲು ಅರಣ್ಯ, ಯಾರದೋ ಅರ್ಜಿ ಬಾಕಿ ಇರುವ ಒತ್ತುವರಿ, ಏನು ಬೇಕಾದರೂ ಆಗಿರಬಹುದು. ಗ್ರಾಮ ಆಡಳಿತಾಧಿಕಾರಿಗಳ ಹತ್ತಿರ ಪಹಣಿ, ನಕ್ಷೆ ನೋಡದೆ ಬರೆದದ್ದು ಅಂಕ ತರಬಹುದು, ಕಟ್ಟಡ ತರುವುದಿಲ್ಲ. ಅರಣ್ಯವೆಂದು ಬರೆದಿದ್ದರೆ ಎಲ್ಲ ಮುಗಿಯಿತು ಎಂದೇನಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಪ್ರಕಾರ ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕುಡಿಯುವ ನೀರು, ಸಮುದಾಯ ಕೇಂದ್ರ ಮುಂತಾದ ಸರ್ಕಾರಿ ಸೌಲಭ್ಯಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ಅವಕಾಶವಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಆ ಪಟ್ಟಿಯಲ್ಲಿ ಬಸ್ ತಂಗುದಾಣದ ಹೆಸರಿಲ್ಲ, ರಸ್ತೆಯ ಹೆಸರಿದೆ. ಇಂಥದ್ದನ್ನು ಯಾವ ಸ್ಟುಡಿಯೋದಲ್ಲೂ ನಮಗೆ ಹೇಳಿಕೊಟ್ಟಿರಲಿಲ್ಲ.

ಹೊಸ ಜಾಗಕ್ಕೆ ಓಡುವ ಮೊದಲು ಹಳೆಯದನ್ನೂ ನೋಡಿ. ಮಕ್ಕಳಿಲ್ಲದೆ ಬಾಗಿಲು ಹಾಕಿದ ಕಿರಿಯ ಪ್ರಾಥಮಿಕ ಶಾಲೆಗಳು ಮಲೆನಾಡಿನಲ್ಲಿ ಕಡಿಮೆಯಿಲ್ಲ. ಗೋಡೆ ಗಟ್ಟಿ, ಬಾವಿ ಇದೆ, ಆಟದ ಬಯಲಿದೆ, ದಾಖಲೆ ಸರ್ಕಾರದ ಹೆಸರಲ್ಲೇ ಇದೆ. ನಾಲ್ಕು ಪಕಾಸು ಬದಲಿಸಿ, ರೀಪು ಹೊಡೆದು, ಹೆಂಚು ತಿರುಗಿಸಿ ಹೊದೆಸಿದರೆ ಗ್ರಂಥಾಲಯವಾಗುತ್ತದೆ. ಥೀಸಿಸಿಗೆ ಇದು ‘ತೀರಾ ಸಣ್ಣದು’ ಎನ್ನುತ್ತಾರೆ. ಅನ್ನಲಿ.

7. ಚಾವಿ ಯಾರ ಹತ್ತಿರ?

ಗುಡಿಸುವವರು ಯಾರು, ಕರೆಂಟು ಬಿಲ್ಲು ಕಟ್ಟುವವರು ಯಾರು, ಚಾವಿ ಯಾರ ಮನೆಯ ಮೊಳೆಯಲ್ಲಿ ನೇತಾಡುತ್ತದೆ. ಈ ಮೂರಕ್ಕೆ ಉತ್ತರ ಇಲ್ಲದಿದ್ದರೆ ಕಟ್ಟಡ ಬೇಡ. ಹೆಗ್ಗೋಡಿನ ನೀನಾಸಮ್ 1949ರಲ್ಲಿ ಹುಟ್ಟಿತು. ಅದರ ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ. ಕಟ್ಟಡಕ್ಕೆ ಮುಂಚೆ ಎರಡು ದಶಕ ಜನ ಇದ್ದರು, ಕೆಲಸ ಇತ್ತು. ನಮ್ಮ ಕಡೆ ಸಾಧಾರಣವಾಗಿ ಮೊದಲು ಉದ್ಘಾಟನೆ, ಆಮೇಲೆ ಜನರನ್ನು ಹುಡುಕುವುದು. ಸ್ತ್ರೀಶಕ್ತಿ ಸಂಘವೊಂದು ಈಗಾಗಲೇ ಯಾರ ಮನೆಯಲ್ಲೋ ವಾರಕ್ಕೊಮ್ಮೆ ಸೇರುತ್ತಿದ್ದರೆ, ನಿಮ್ಮ ಕಟ್ಟಡವನ್ನು ಅವರ ದಾರಿಯಲ್ಲಿ ಬರೆಯಿರಿ.

8. ಒಂದು ಹಾಳೆ, ಕನ್ನಡದಲ್ಲಿ, ಅಡಿ ಇಂಚಿನಲ್ಲಿ

ಬಾಂಗ್ಲಾದೇಶದ ರುದ್ರಪುರದ ಮಣ್ಣು-ಬಿದಿರಿನ ಶಾಲೆ ಆನಾ ಹೆರಿಂಗರ್ ಅವರ ಡಿಪ್ಲೊಮಾ ಥೀಸಿಸ್ಸಿನಿಂದ ಹುಟ್ಟಿ 2005ರಲ್ಲಿ ನಿಜವಾಗಿ ಕಟ್ಟಡವಾಯಿತು. ನಮ್ಮಲ್ಲಿ ಹೆಚ್ಚಿನ ಥೀಸಿಸ್ಸುಗಳು ಕಾಲೇಜಿನ ಅಟ್ಟದಲ್ಲಿ ಮುಗಿಯುತ್ತವೆ. ಅವು ಊರಿಗೆ ಮರಳುವ ದಾರಿ ತೀರಾ ಸಾದಾ. ಪಂಚಾಯತಿ ಕಟ್ಟಡಗಳ ಅಂದಾಜು ಪಟ್ಟಿ ತಯಾರಿಸುವುದು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವರು. ಅವರಿಗೆ ನಿಮ್ಮ ಬಣ್ಣದ ಚಿತ್ರ ಬೇಡ. ಎಸ್ಆರ್ (ಸರ್ಕಾರಿ ದರಪಟ್ಟಿ) ದರದಲ್ಲಿ ಕೂರುವ ಬಾಬ್ತುಗಳು ಬೇಕು. ಒಂದು ಅಂಗನವಾಡಿಯ ಅಂದಾಜು ಪಟ್ಟಿಯ ಪ್ರತಿ ಕೇಳಿ ತಂದು ಓದಿ. ನಿಮ್ಮ ಮೂರಡಿ ಸೂರು ಯಾವ ಬಾಬ್ತಿನಲ್ಲಿ ಸೇರುತ್ತದೆಂದು ಹುಡುಕಿ. ಸೇರದಿದ್ದರೆ ಕೆಲಸದಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ವಿದ್ಯಾರ್ಥಿ ಸಹಿ ಹಾಕುವಂತಿಲ್ಲ ಎಂಬುದೂ ನೆನಪಿರಲಿ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗುವವರೆಗೆ ನೀವು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವ ಹಾಗಿಲ್ಲ. ಅದರಿಂದ ಒಂದು ಲಾಭವಿದೆ: ನಿಮ್ಮ ನಕ್ಷೆಯನ್ನು ತಿದ್ದಲು ಯಾರೂ ಅಂಜುವುದಿಲ್ಲ. ಎ3 ಅಳತೆಯ ಒಂದು ಹಾಳೆ ಮಾಡಿ. ಹೆಸರುಗಳು ಕನ್ನಡದಲ್ಲಿರಲಿ: ಜಗಲಿ, ಅಡುಗೆ, ಬಚ್ಚಲು, ಸೌದೆ. ಅಳತೆ ಅಡಿ ಇಂಚಿನಲ್ಲಿರಲಿ, ಮಿಲಿಮೀಟರು ಕಾಲೇಜಿನ ಪ್ರತಿಗೆ ಸಾಕು. ಒಂದು ಪ್ರತಿ ಪಿಡಿಒ ಅವರಿಗೆ, ಒಂದು ಅಂಗನವಾಡಿ ಟೀಚರಿಗೆ, ಒಂದು ಮೇಸ್ತ್ರಿಗೆ. ಮೇಸ್ತ್ರಿಯ ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಕೊಡಿ, ಕೆಲಸ ಶುರುವಾಗುವ ಹೊತ್ತಿಗೆ ಇನ್ನೊಂದು ಮಳೆಗಾಲ ಕಳೆದಿರುತ್ತದೆ.