ಮನೆಯ ಅಳತೆ, ಶಾಲೆಯ ಅಳತೆ
(ಇಯತ್ತೆ 1 ಮತ್ತು 2 : ಗಣಿತ — ಉದ್ದ)

ಪೀಠಿಕೆ
ಸೊಲ್ಲಾಪುರ, ಅಕ್ಕಲಕೋಟ ಪರಿಸರದ ಕನ್ನಡ ಮನೆಗಳಲ್ಲಿ ಉದ್ದವನ್ನು ಅಳೆಯುವ ಕಾರ್ಯವು ದಿನವೂ ನಡೆಯುತ್ತದೆ. ಹೂಮಾಲೆಯನ್ನು ಮೊಳದಿಂದ ಕೊಳ್ಳುತ್ತಾರೆ. ಹಗ್ಗವನ್ನು ಮಾರಿನಿಂದ ಅಳೆಯುತ್ತಾರೆ. ಜೋಳದ ಪೈರಿನ ಎತ್ತರವನ್ನು ಗೇಣಿನಲ್ಲಿ ಹೇಳುತ್ತಾರೆ. ಆದರೂ ಪಾಲಕರ ಸಭೆಯಲ್ಲಿ ಇದೇ ತಾಯಂದಿರು “ನಮಗೆ ಗಣಿತ ಬರುವುದಿಲ್ಲ, ಗುರುಗಳೇ” ಎನ್ನುವುದುಂಟು. ಶಿಕ್ಷಕರು ಈ ಮಾತನ್ನು ಒಪ್ಪಿಬಿಟ್ಟರೆ ಮಗುವಿನ ಮನೆಯ ಅನುಭವವು ಶಾಲೆಯ ಹೊರಗೇ ಉಳಿಯುತ್ತದೆ. ಅಂಥ ಮಗು ಅಳತೆಪಟ್ಟಿಯ ಅಂಕಿಯನ್ನು ಓದೀತು. ಆ ಅಂಕಿ ಏನನ್ನು ಎಣಿಸುತ್ತದೆಂಬುದನ್ನು ಅರಿಯಲಾರದು.

1. ಹೋಲಿಕೆ
ಎರಡು ಜೋಳದ ದಂಟುಗಳಲ್ಲಿ ಯಾವುದು ಉದ್ದವೆಂದು ಕೇಳಿದರೆ ಚಿಕ್ಕ ಮಗು ಮುಂದೆ ಚಾಚಿದ ತುದಿಯನ್ನಷ್ಟೇ ನೋಡುತ್ತದೆ. ಆದ್ದರಿಂದ ಎರಡರ ಬುಡಗಳನ್ನೂ ಒಂದೇ ಗೆರೆಗೆ ಹೊಂದಿಸುವ ರೂಢಿಯನ್ನು ಮೊದಲು ಬೆಳೆಸಬೇಕು. ಅಕ್ಕಪಕ್ಕದಲ್ಲಿ ಇಡಲಾಗದ ವಸ್ತುಗಳಿಗೆ ದಾರವು ನೆರವಾಗುತ್ತದೆ. “ಈ ಹೊರಸು ಆ ಬಾಗಿಲಿನಿಂದ ಅಡ್ಡಲಾಗಿ ಹೋದೀತೇ?” ಎಂಬ ಪ್ರಶ್ನೆಯನ್ನು ಮನೆಗೆ ಕೊಟ್ಟು ಕಳುಹಿಸಿರಿ.

2. ಎಣಿಕೆ
ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಚಾಚಿದ ಅಂತರ ಗೇಣು. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಮೊಳ. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು ಎಂಬುದು ರೂಢಿಯ ಲೆಕ್ಕ. ಅಳೆಯುವಾಗ ಎರಡು ಗೇಣುಗಳ ನಡುವೆ ತೆರಪು ಬಿಡಬಾರದು. ಒಂದರ ಮೇಲೊಂದು ಏರಲೂಬಾರದು. ಓಣಿಯಲ್ಲಿ ಮರಾಠಿ ಕೇಳುವ ಮಗು ಗೇಣಿಗೆ ‘ವೀತ’, ಮೊಳಕ್ಕೆ ‘ಹಾತ’ ಎಂದರೆ ತಿದ್ದದಿರಿ. ಎರಡೂ ಮಾತುಗಳನ್ನು ಫಲಕದ ಮೇಲೆ ಜೊತೆಗೆ ಬರೆಯಿರಿ.

3. ಅಜ್ಜಿಗೆ ಐದು, ಮೊಮ್ಮಗಳಿಗೆ ಏಳು
ಒಂದೇ ಹೊಸ್ತಿಲನ್ನು ಮನೆಯ ಇಬ್ಬರು ಅಳೆಯಲಿ. ಅಜ್ಜಿಗೆ ಐದು ಗೇಣು ಬಂದರೆ ಮೊಮ್ಮಗಳಿಗೆ ಏಳು ಬಂದೀತು. “ಹೊಸ್ತಿಲು ಬೆಳೆಯಿತೇ? ಯಾರದು ತಪ್ಪು?” ಎಂದು ವರ್ಗದಲ್ಲಿ ಕೇಳಿರಿ, ಉತ್ತರವನ್ನು ಅವಸರದಿಂದ ಹೇಳಬೇಡಿರಿ. ಯಾರದೂ ತಪ್ಪಲ್ಲ, ಅಳತೆಯ ಮಾನ ಕಿರಿದಾದಂತೆ ಎಣಿಕೆ ಹೆಚ್ಚುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಬೇಕು. ಈ ಪಾಠದ ತಿರುಳು ಇದೇ.

ಎಲ್ಲರ ಗೇಣೂ ಒಂದೇ ಅಲ್ಲವಾದ್ದರಿಂದ ಎಲ್ಲರಿಗೂ ಒಂದೇ ಆಗಿರುವ ಮಾನ ಬೇಕಾಗುತ್ತದೆ. ನಮ್ಮ ದೇಶವು 1956ರ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಸ್ವೀಕರಿಸಿತು. ಸೊಲ್ಲಾಪುರದಲ್ಲಿ ನೇಯ್ದ ಚಾದರದ ಅಳತೆಯನ್ನು ಸೆಂಟಿಮೀಟರಿನಲ್ಲಿ ಹೇಳಿದರೆ ದೂರದ ಊರಿನ ವ್ಯಾಪಾರಿಗೂ ಅದು ಒಂದೇ ಅರ್ಥವನ್ನು ಕೊಡುತ್ತದೆ. ಜಗಳದ ಬಳಿಕ ಬಂದ ಅಳತೆಪಟ್ಟಿಯನ್ನು ಮಗು ಸುಲಭವಾಗಿ ಒಪ್ಪುತ್ತದೆ.

ಮೌಲ್ಯಮಾಪನ
ಪೆನ್ಸಿಲಿನ ಒಂದು ತುದಿಯನ್ನು ಅಳತೆಪಟ್ಟಿಯ 3ರ ಗೆರೆಗೂ ಇನ್ನೊಂದನ್ನು 8ರ ಗೆರೆಗೂ ಹೊಂದಿಸಿ ಉದ್ದವನ್ನು ಕೇಳಿರಿ. 8 ಎಂದ ಮಗು ಅಂಕಿಯನ್ನು ಮಾತ್ರ ಓದಿದೆ. 6 ಎಂದ ಮಗು ಗೆರೆಗಳನ್ನು ಎಣಿಸಿದೆ. 5 ಎಂದ ಮಗು ಗೆರೆಗಳ ನಡುವಿನ ಅಂತರಗಳನ್ನು ಎಣಿಸಿದೆ. ಮೊದಲಿನ ಇಬ್ಬರಿಗೆ ಮತ್ತೆ ಗೇಣಿನ ಆಟವನ್ನೇ ಆಡಿಸಿರಿ. ಅಂಕಿಗಳ ಅಭ್ಯಾಸವನ್ನು ಹೆಚ್ಚಿಸಬೇಡಿರಿ.

ಮುಂದಿನ ಪಾಲಕರ ಸಭೆಯಲ್ಲಿ ಒಬ್ಬ ತಾಯಿಯನ್ನು ಕರೆದು ಮೊಳ ಹಾಕುವ ಬಗೆಯನ್ನು ಮಕ್ಕಳಿಗೆ ತೋರಿಸುವಂತೆ ಕೇಳಿಕೊಳ್ಳಿರಿ. ಗಣಿತವು ತನ್ನ ಮನೆಯಲ್ಲಿಯೂ ಇದೆಯೆಂಬುದನ್ನು ಮಗು ಅಂದು ಕಣ್ಣಾರೆ ಕಾಣುತ್ತದೆ.