ಶಕ್ತಿನಗರದ ಕಲ್ಲಿದ್ದಲು: ಸಾರ್ವಜನಿಕ ಖರೀದಿಯ ಒಂದು ಅಧ್ಯಯನ

ಕೊಳ್ಳುವುದು ಸುಲಭದ ಕೆಲಸವೆಂಬ ಭಾವನೆ ಸಾಮಾನ್ಯವಾಗಿದೆ. ನಾಲ್ಕು ಕಡೆ ದರ ವಿಚಾರಿಸಿ, ಕಡಿಮೆ ಹೇಳಿದವನಿಂದ ಕೊಂಡು ತಂದರೆ ಕಾರ್ಯ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಆದರೆ ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ನಿಂತ ವರ್ತಕನು ಹಾಗೆ ತಿಳಿಯುವುದಿಲ್ಲ. ದರ ಕೂಗುವುದಕ್ಕೆ ಮೊದಲು ಅವನು ರಾಶಿಯೊಳಗೆ ಮೊಣಕೈವರೆಗೆ ಕೈಯಿಳಿಸಿ ತೇವವನ್ನು ಪರೀಕ್ಷಿಸುತ್ತಾನೆ. ಚಿಟಿಕೆ ಹತ್ತಿಯನ್ನು ಹಿಂಜಿ ಎಳೆಯ ಉದ್ದವನ್ನು ನೋಡುತ್ತಾನೆ. ನೀರಿಗೆ ಹತ್ತಿಯ ಬೆಲೆ ಕೊಡಲು ಅವನು ಸಿದ್ಧನಿಲ್ಲ. ಈ ಬಗೆಯ ವಿವೇಕವು ಸರಕಾರದ ಹಾಗೂ ದೊಡ್ಡ ಸಂಸ್ಥೆಗಳ ಖರೀದಿಯಲ್ಲಿ ಹೇಗೆ ಪಾಲನೆಯಾಗಬೇಕು, ಎಲ್ಲಿ ತಪ್ಪಿಹೋಗುತ್ತದೆ ಎಂಬುದನ್ನರಿಯಲು ರಾಯಚೂರು ನಗರದಿಂದ ಸುಮಾರು 20 ಕಿ.ಮೀ. ದೂರದ ಶಕ್ತಿನಗರವೇ ಉತ್ತಮ ಉದಾಹರಣೆಯಾಗಿದೆ.

ಕೃಷ್ಣಾ ನದಿಯ ದಂಡೆಯ ಮೇಲೆ, ದೇವಸೂಗೂರಿನ ಪರಿಸರದಲ್ಲಿ, ಕರ್ನಾಟಕ ವಿದ್ಯುತ್ ನಿಗಮವು ಸ್ಥಾಪಿಸಿದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಮೊದಲನೆಯ ಘಟಕವು 1985ರಲ್ಲಿ ಕಾರ್ಯಾರಂಭ ಮಾಡಿತು. 2010ರಲ್ಲಿ ಎಂಟನೆಯ ಘಟಕವೂ ಸೇರಿ, 210 ಮೆಗಾವ್ಯಾಟಿನ ಏಳು ಮತ್ತು 250 ಮೆಗಾವ್ಯಾಟಿನ ಒಂದು, ಒಟ್ಟು 1,720 ಮೆಗಾವ್ಯಾಟ್ ಸಾಮರ್ಥ್ಯವಾಯಿತು. ಅಲ್ಲಿಯವರೆಗೆ ಮಳೆಯನ್ನೇ ನಂಬಿ ಶರಾವತಿ, ಕಾಳಿಗಳ ಜಲವಿದ್ಯುತ್ತಿನಿಂದ ಬದುಕಿದ್ದ ನಾಡಿಗೆ ಇದು ಹೊಸ ಅನುಭವ. ನದಿಯ ನೀರನ್ನು ಯಾರೂ ಕೊಳ್ಳಬೇಕಾಗಿರಲಿಲ್ಲ. ಕಲ್ಲಿದ್ದಲನ್ನಾದರೋ ಪ್ರತಿದಿನವೂ ಕೊಳ್ಳಬೇಕು, ಅದೂ ಪರರಾಜ್ಯದಿಂದ. ತೆಲಂಗಾಣದ ಸಿಂಗರೇಣಿ, ಮಹಾರಾಷ್ಟ್ರದ ಗಣಿಗಳು, ಸಾವಿರ ಕಿ.ಮೀ.ಗೂ ಆಚೆಯ ಒಡಿಶಾದ ತಾಲ್ಚೇರ್, ಹೀಗೆ ಹಲವು ದಿಕ್ಕುಗಳಿಂದ ರೈಲುಗಳು ಬರಬೇಕು. ಎಲ್ಲ ಘಟಕಗಳೂ ಪೂರ್ಣವಾಗಿ ನಡೆದರೆ ದಿನಕ್ಕೆ 25ರಿಂದ 30 ಸಾವಿರ ಟನ್ ಬೇಕಾಗುತ್ತದೆ. ಒಂದು ಗೂಡ್ಸ್ ರೈಲಿನ ಹೊರೆ ಹೆಚ್ಚೆಂದರೆ 4 ಸಾವಿರ ಟನ್ನಿನ ಆಸುಪಾಸು.

ಇಲ್ಲಿ ಕೊಳ್ಳುತ್ತಿರುವ ವಸ್ತು ಯಾವುದು ಎಂಬುದೇ ಮೂಲಪ್ರಶ್ನೆ. ಬಿಲ್ಲಿನಲ್ಲಿ ಟನ್ನುಗಳಿರುತ್ತವೆ; ಕುಲುಮೆಗೆ ಬೇಕಾದದ್ದು ಉಷ್ಣ. ಓದುಗರ ಅನುಕೂಲಕ್ಕಾಗಿ ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಸ್ಥಾವರಕ್ಕೆ ತಲುಪಿದಾಗ ಟನ್ನಿಗೆ 4,000 ರೂ. ಬೀಳುವ ಒಂದು ಕಲ್ಲಿದ್ದಲು, ಕಿಲೋಗ್ರಾಮಿಗೆ 3,500 ಕಿಲೊಕ್ಯಾಲೊರಿ ಉಷ್ಣ ಕೊಡುತ್ತದೆ. ಇನ್ನೊಂದಕ್ಕೆ 4,600 ರೂ., ಉಷ್ಣ 4,200 ಕಿಲೊಕ್ಯಾಲೊರಿ. ದರಪಟ್ಟಿಯನ್ನಷ್ಟೇ ನೋಡುವ ಗುಮಾಸ್ತನು ಮೊದಲನೆಯದನ್ನೇ ಆರಿಸುವನು. 210 ಮೆಗಾವ್ಯಾಟಿನ ಘಟಕವು ಒಂದು ದಿನಕ್ಕೆ 50 ಲಕ್ಷ 40 ಸಾವಿರ ಯೂನಿಟ್ ಉತ್ಪಾದಿಸುತ್ತದೆ. ಯೂನಿಟ್ಟಿಗೆ 2,500 ಕಿಲೊಕ್ಯಾಲೊರಿ ಎಂದಿಟ್ಟುಕೊಂಡರೆ ಮೊದಲನೆಯ ಕಲ್ಲಿದ್ದಲು 3,600 ಟನ್ ಬೇಕು, ವೆಚ್ಚ 1 ಕೋಟಿ 44 ಲಕ್ಷ ರೂ. ಎರಡನೆಯದು 3,000 ಟನ್ ಸಾಕು, ವೆಚ್ಚ 1 ಕೋಟಿ 38 ಲಕ್ಷ ರೂ. ‘ದುಬಾರಿ’ ಕಲ್ಲಿದ್ದಲೇ ಒಂದು ಘಟಕಕ್ಕೆ ಒಂದು ದಿನಕ್ಕೆ 6 ಲಕ್ಷ ರೂ. ಅಗ್ಗ. ಇದಲ್ಲದೆ ಮೊದಲನೆಯದರಲ್ಲಿ 600 ಟನ್ ಹೆಚ್ಚಾಗಿ ಇಳಿಸಬೇಕು, ಅರೆಯಬೇಕು, ಅದರ ಬೂದಿಯನ್ನು ಹೊಂಡಕ್ಕೆ ಸಾಗಿಸಬೇಕು. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಪ್ರಮಾಣವೇ ನೂರಕ್ಕೆ 35ರಿಂದ 45ರಷ್ಟಿರುವುದುಂಟು. ರೈಲ್ವೆಗೆ ಬಾಡಿಗೆ ಕೊಟ್ಟು ಬೂದಿಯನ್ನು ತರಿಸಿಕೊಂಡಂತೆ.

ಈ ಕಾರಣದಿಂದಲೇ 2012ರಿಂದ ದೇಶದಲ್ಲಿ ಕಲ್ಲಿದ್ದಲಿನ ದರ್ಜೆಯನ್ನು ಒಟ್ಟು ಉಷ್ಣಮೌಲ್ಯದ ಆಧಾರದ ಮೇಲೆ, 300 ಕಿಲೊಕ್ಯಾಲೊರಿಗೆ ಒಂದರಂತೆ ನಿಗದಿಪಡಿಸಲಾಗುತ್ತಿದೆ. ಹಾಗಾದರೆ ದರ್ಜೆಯನ್ನು ನಿರ್ಣಯಿಸುವವರು ಯಾರು? ಮಾರುವವನು ಗಣಿಯ ಬಳಿ ಅಳೆದ ದರ್ಜೆ ಒಂದು, ಕೊಂಡವನು ಸ್ಥಾವರದ ಬಳಿ ಅಳೆದದ್ದು ಇನ್ನೊಂದು. ವಿದ್ಯುತ್ ಸ್ಥಾವರಗಳಿಗೂ ಗಣಿ ಕಂಪನಿಗಳಿಗೂ ಬಹುಕಾಲದಿಂದ ನಡೆದುಬಂದ ವ್ಯಾಜ್ಯದ ಬೇರು ಇಲ್ಲಿದೆ. ಮುಂದೆ ಇಬ್ಬರಿಗೂ ಸೇರದ ಧನಬಾದಿನ ಕೇಂದ್ರೀಯ ಸಂಶೋಧನಾಲಯದಂತಹ ಮೂರನೆಯ ಸಂಸ್ಥೆಗೆ ಮಾದರಿ ಪರೀಕ್ಷೆಯನ್ನು ವಹಿಸುವ ಪದ್ಧತಿ ಬಂದಿತು. ವ್ಯಾಗನ್ನುಗಳಿಂದ ತೆಗೆದ ಮಾದರಿಯನ್ನು ಪುಡಿಮಾಡಿ, ರಾಶಿ ಹಾಕಿ, ನಾಲ್ಕು ಪಾಲು ಮಾಡಿ ಎರಡನ್ನು ಬಿಟ್ಟು, ಮತ್ತೆ ರಾಶಿ ಹಾಕಿ, ಹೀಗೆ ಕಿರಿದುಗೊಳಿಸುತ್ತ ಹೋಗುತ್ತಾರೆ. ಒಂದು ಪಾಲನ್ನು ಮುಂದಿನ ತಕರಾರಿಗಾಗಿ ಮೊಹರು ಹಾಕಿ ಇಡುತ್ತಾರೆ. ಕೊನೆಗೆ ಉಷ್ಣಮಾಪಕ ಯಂತ್ರದಲ್ಲಿ ಉರಿಯುವುದು ಸುಮಾರು 1 ಗ್ರಾಂ. ಆ 1 ಗ್ರಾಮಿನ ಮಾತಿನ ಮೇಲೆ 4 ಸಾವಿರ ಟನ್ನಿನ ಬೆಲೆ ನಿಲ್ಲುತ್ತದೆಯೆಂದಾಗ, ಮಾದರಿ ತೆಗೆಯುವ ಕೂಲಿಯಾಳಿನ ಸಲಿಕೆ ಎಲ್ಲಿ ಇಳಿಯಿತೆಂಬುದು ನಿಗಮದ ಆಡಳಿತ ಮಂಡಳಿಯ ನಿರ್ಣಯದಷ್ಟೇ ಮಹತ್ವದ್ದೆನಿಸುತ್ತದೆ.

ದರ, ದರ್ಜೆಗಳಾಚೆಗೆ ಕಾಲವೆಂಬುದೊಂದಿದೆ. 2021ರ ಅಕ್ಟೋಬರಿನಲ್ಲಿ ದೇಶಾದ್ಯಂತ ಕಲ್ಲಿದ್ದಲಿನ ಅಭಾವ ತಲೆದೋರಿದಾಗ ಶಕ್ತಿನಗರದ ಕೆಲವು ಘಟಕಗಳೂ ನಿಂತವು. ಆ ದಿನಗಳಲ್ಲಿ ವಿದ್ಯುತ್ ವಿನಿಮಯ ಪೇಟೆಯಲ್ಲಿ ಯೂನಿಟ್ಟಿನ ದರ ಕೆಲವು ಹೊತ್ತಿನಲ್ಲಿ 20 ರೂ. ಮುಟ್ಟಿತ್ತು. ಸಕಾಲಕ್ಕೆ ಕೊಳ್ಳದ ವಸ್ತುವಿಗೂ ಬೆಲೆಯುಂಟು. ಅದು ಯಾವ ದರಪಟ್ಟಿಯಲ್ಲಿಯೂ ಬರೆದಿರುವುದಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು, ಗಣಿಯಿಂದ ದೂರವಿರುವ ಸ್ಥಾವರಗಳು ಋತುಮಾನಕ್ಕನುಸಾರ 20ರಿಂದ 26 ದಿನಗಳ ದಾಸ್ತಾನು ಇಟ್ಟುಕೊಳ್ಳಬೇಕೆಂದು ಗೊತ್ತುಪಡಿಸಿತು. ದಾಸ್ತಾನೆಂದರೆ ಬಯಲಿನಲ್ಲಿ ರಾಶಿ ಹಾಕಿದ ಹಣವೇ ಸರಿ. ಮೇಲಿನ ಲೆಕ್ಕದಂತೆ 20 ದಿನಗಳ ಕಲ್ಲಿದ್ದಲಿಗೆ 200 ಕೋಟಿ ರೂ.ಗೂ ಹೆಚ್ಚು ಬೀಳುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಅದು ತಾನಾಗಿಯೇ ಹೊತ್ತಿಕೊಳ್ಳುವ ಭಯವೂ ಇದೆ, ಬಡ್ಡಿಯೂ ಏರುತ್ತದೆ. ಕಡಿಮೆಯಾದರೆ ಕತ್ತಲೆ, ಹೆಚ್ಚಾದರೆ ನಷ್ಟ. ಈ ಎರಡರ ನಡುವಿನ ಅಳತೆಯನ್ನು ಸೂತ್ರದಿಂದಷ್ಟೇ ಕಂಡುಹಿಡಿಯಲಾಗದು.

ಕಲ್ಲಿದ್ದಲನ್ನು ಬಹುತೇಕ ಸರಕಾರಿ ಗಣಿ ಕಂಪನಿಗಳಿಂದಲೇ ದೀರ್ಘಾವಧಿಯ ಒಪ್ಪಂದದ ಮೇಲೆ ಕೊಳ್ಳುವುದರಿಂದ ಅಲ್ಲಿ ಪೈಪೋಟಿಗೆ ಎಡೆ ಕಡಿಮೆ. ಬೇರಿಂಗು, ಕೊಳವೆ, ರಾಸಾಯನಿಕಗಳಿಂದ ಮೊದಲ್ಗೊಂಡು ಕಸಬರಿಗೆಯವರೆಗಿನ ಉಳಿದ ಸಾಮಗ್ರಿಗಳಿಗೆ ಟೆಂಡರ್ ಕರೆಯಬೇಕು. ಇದಕ್ಕಾಗಿ ರಾಜ್ಯದಲ್ಲಿ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವಿದ್ದು, 2000ದ ಅಕ್ಟೋಬರಿನಿಂದ ಜಾರಿಯಲ್ಲಿದೆ. ಆರಂಭದ ನಿಯಮಾವಳಿಯು 2 ಕೋಟಿ ರೂ.ವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದನ್ನು ಮೀರಿದ್ದಕ್ಕೆ 60 ದಿನ ಕಾಲಾವಕಾಶ ವಿಧಿಸಿತ್ತು. ರಾಜಭಂಡಾರದ ಹಣವನ್ನು ಅಪಹರಿಸುವ ನಲವತ್ತು ವಿಧಗಳನ್ನು ಕೌಟಿಲ್ಯನು ಎಣಿಸಿಟ್ಟದ್ದು ಸುಪ್ರಸಿದ್ಧ. ಅವನ ಕಾಲಕ್ಕೆ 4(ಜಿ) ವಿನಾಯಿತಿ ಇರಲಿಲ್ಲವೆಂಬುದಷ್ಟೇ ವ್ಯತ್ಯಾಸ.

ಅತ್ಯಂತ ಕಡಿಮೆ ಬೆಲೆಗೇ ಕೊಡಬೇಕೆಂದು ಈ ಕಾಯಿದೆ ಹೇಳುತ್ತದೆಂಬುದು ಕಚೇರಿಗಳಲ್ಲಿ ಬೇರೂರಿದ ತಪ್ಪು ತಿಳಿವಳಿಕೆ. ಟೆಂಡರ್ ದಾಖಲೆಯಲ್ಲಿ ಮೊದಲೇ ಪ್ರಕಟಿಸಿದ ಮಾನದಂಡಗಳ ಪ್ರಕಾರ ಮೌಲ್ಯಮಾಪನ ಮಾಡಿದಾಗ ಯಾವುದು ಕಡಿಮೆಯೋ ಅದನ್ನು ಒಪ್ಪಬೇಕೆಂಬುದು ಅದರ ಆಶಯ. ಆದುದರಿಂದ ಲಕೋಟೆ ಒಡೆಯುವ ದಿನಕ್ಕಿಂತ, ಇಂದಿನ ಗಣಕಯಂತ್ರದ ಪದ್ಧತಿಯಲ್ಲಿ ಪರದೆ ತೆರೆಯುವ ದಿನಕ್ಕಿಂತ, ಬೇಕಾದ ವಸ್ತುವಿನ ವಿವರಣೆಯನ್ನು ಬರೆದ ದಿನವೇ ನಿರ್ಣಾಯಕ. ಶಾಲೆಯೊಂದು ದಾನಿಗಳ ಹಣದಿಂದ ನೂರು ಬೆಂಚು ಮಾಡಿಸಲು ‘ಉತ್ತಮ ಮರದ ಬೆಂಚು’ ಎಂದಷ್ಟೇ ಬರೆದು ದರಪತ್ರ ಕರೆದರೆ, ಹೊನ್ನೆಯ ಮರ ಬಳಸುವ ಬಡಗಿ ಸೋಲುತ್ತಾನೆ, ಹಸಿ ಮಾವಿನ ಹಲಗೆಯವನು ಗೆಲ್ಲುತ್ತಾನೆ. ನಿಯಮ ಎಲ್ಲಿಯೂ ಭಂಗವಾಗಿರುವುದಿಲ್ಲ. ಮರದ ಜಾತಿ, ಹಲಗೆಯ ದಪ್ಪ, ಒಣಗಿಸಿದ ಅವಧಿ, ಬಂದ ದಿನ ಯಾರು ಅಳತೆಗೋಲು ಹಿಡಿದು ನೋಡಬೇಕು ಎಂಬುದನ್ನು ಬರೆದು ಕರೆದಾಗ ಇಬ್ಬರೂ ಒಂದೇ ಬೆಂಚಿಗೆ ದರ ಹೇಳುತ್ತಾರೆ. ಶಕ್ತಿನಗರದ ಉಗ್ರಾಣಕ್ಕೆ ಬರುವ ಬೇರಿಂಗಿಗೂ ಇದೇ ಕ್ರಮ. ಆದರೆ ಅಲ್ಲಿ ಹಸಿ ಹಲಗೆ ಬಂದರೆ ಬಾಗುವುದು ಬೆಂಚಲ್ಲ, ನಿಲ್ಲುವುದು 210 ಮೆಗಾವ್ಯಾಟ್.